ಎರಡು ದೊಡ್ಡ ನದಿ ಕೂಡುವಲ್ಲಿ ಊರೊಂದು ಖಾಲಿಯಾದದ್ದು ಹೇಗೆ

ಅಮೆರಿಕದ ನಕ್ಷೆಯನ್ನು ಎದುರಿಗಿಟ್ಟು, ರೈಲು ರಸ್ತೆ ಯಾವುದೂ ಇಲ್ಲದ ಕಾಲದಲ್ಲಿ ದೊಡ್ಡ ಊರು ಎಲ್ಲಿ ಕಟ್ಟುತ್ತೀರಿ ಅಂತ ಯಾರನ್ನಾದರೂ ಕೇಳಿ. ಓಹಾಯೊ ನದಿ ಮಿಸಿಸಿಪ್ಪಿಗೆ ಸೇರುವ ಜಾಗದ ಮೇಲೆ ಬೆರಳಿಡುವವರೇ ಜಾಸ್ತಿ. ಪೂರ್ವದ ಪಿಟ್ಸ್‌ಬರ್ಗ್‌ನಿಂದ ನೀರಿನ ಮೇಲೆ ಹೊರಟ ಸರಕು, ಉತ್ತರದ ಮಿನೆಸೋಟದಿಂದ ಹೊರಟ ಸರಕು, ಎರಡೂ ನ್ಯೂ ಆರ್ಲಿಯನ್ಸ್‌ಗೆ ಹೋಗಬೇಕಾದರೆ ಈ ಜಾಗವನ್ನು ದಾಟಲೇಬೇಕು. ಹತ್ತೊಂಬತ್ತನೇ ಶತಮಾನದ ವ್ಯಾಪಾರಿಗಳೂ ಹೀಗೇ ಲೆಕ್ಕ ಹಾಕಿದರು. ಅಲ್ಲಿ ಊರು ಎದ್ದಿತು. ಬೆಳೆಯಿತು ಕೂಡ. 1920ರ ಜನಗಣತಿಯಲ್ಲಿ ಅಲ್ಲಿ 15,203 ಜನರಿದ್ದರು. 2020ರಲ್ಲಿ ಇದ್ದವರು 1,733.

ಊರಿನ ಹೆಸರು ಕೇರೋ. ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿದೆ. ಈಜಿಪ್ಟಿನ ಕೈರೋದ ಹೆಸರನ್ನೇ ಇಟ್ಟದ್ದು, ಆದರೆ ಊರಿನವರು ಕೇರೋ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅಕ್ಕಪಕ್ಕದಲ್ಲಿ ಥೀಬ್ಸ್, ಕಾರ್ನಾಕ್ ಅನ್ನುವ ಊರುಗಳೂ ಇವೆ.

ಇಷ್ಟು ಒಳ್ಳೆಯ ಜಾಗದ ಊರು ಯಾಕೆ ಖಾಲಿಯಾಯಿತು ಅಂದರೆ ಎಲ್ಲರ ಬಾಯಿಗೆ ಮೊದಲು ಬರುವ ಉತ್ತರ ಪ್ರವಾಹ. ಎರಡು ನದಿಗಳ ನಡುವೆ ಸಿಕ್ಕಿಕೊಂಡ ಊರು, ನೀರು ನುಗ್ಗಿರಬೇಕು, ಜನ ಬಿಟ್ಟು ಹೋಗಿರಬೇಕು. ಆದರೆ 1937ರಲ್ಲಿ, ಮತ್ತೆ 2011ರಲ್ಲಿ ದಾಖಲೆ ಮಟ್ಟದ ನೀರು ಬಂದಾಗಲೂ ಕೇರೋದ ಏರಿ ಒಡೆಯಲಿಲ್ಲ. ಊರು ಮುಳುಗಲಿಲ್ಲ. ಹಾಗಾದರೆ ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಅದಕ್ಕೂ ಮೊದಲು ನೀರಿನ ಕಥೆಯನ್ನೇ ಸ್ವಲ್ಪ ನೋಡಿಬಿಡೋಣ. ಊರು ಇನ್ನೂ ಉಳಿದಿರುವುದರ ಗುಟ್ಟು ಅಲ್ಲಿದೆ.

ನೀರಿಗಿಂತ ಕೆಳಗಿರುವ ಊರು

ಕೇರೋ ನಿಂತಿರುವುದು ಮೊನೆಯಾದ ಒಂದು ನೆಲದ ತುಂಡಿನ ಮೇಲೆ. ಪಶ್ಚಿಮಕ್ಕೆ ಮಿಸಿಸಿಪ್ಪಿ, ಅದರಾಚೆ ಮಿಸೌರಿ ರಾಜ್ಯ. ಪೂರ್ವಕ್ಕೆ ಓಹಾಯೊ, ಅದರಾಚೆ ಕೆಂಟಕಿ. ತುದಿಯಲ್ಲಿ ಫೋರ್ಟ್ ಡಿಫೈಯನ್ಸ್ ಅನ್ನುವ ಪಾರ್ಕಿದೆ. ಅಲ್ಲಿ ನಿಂತರೆ ಎರಡು ನದಿಗಳ ಬಣ್ಣವೂ ಬೇರೆಬೇರೆಯಾಗಿ ಕಾಣುತ್ತದೆ. ಮಿಸಿಸಿಪ್ಪಿ ಮಣ್ಣು ಹೊತ್ತು ಕಂದಾಗಿರುತ್ತದೆ, ಓಹಾಯೊ ಅಷ್ಟು ಕಂದಲ್ಲ. ಕೂಡಿದ ಮೇಲೂ ಒಂದಷ್ಟು ದೂರ ಎರಡೂ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಇನ್ನೊಂದು ವಿಚಿತ್ರ: ಹೆಸರು ಮುಂದುವರಿಯುವುದು ಮಿಸಿಸಿಪ್ಪಿಯದು, ಆದರೆ ಈ ಜಾಗದಲ್ಲಿ ಸರಾಸರಿ ಜಾಸ್ತಿ ನೀರು ತರುವುದು ಓಹಾಯೊ.

ಇಲಿನಾಯ್ ರಾಜ್ಯದಲ್ಲೇ ಅತ್ಯಂತ ತಗ್ಗಿನ ಜಾಗ ಇದು. ಆದ್ದರಿಂದ ಊರಿನ ಸುತ್ತ ಮಣ್ಣಿನ ಏರಿ ಮತ್ತು ಕಾಂಕ್ರೀಟ್ ಗೋಡೆ. ಓಹಾಯೊ ಕಡೆಯ ಗೋಡೆಯನ್ನು 64 ಅಡಿ ನೀರಿಗೆ ಲೆಕ್ಕ ಹಾಕಿ ಕಟ್ಟಿದ್ದಾರೆ. 64 ಅಡಿ ಎಂದರೆ ಗೋಡೆಯ ಎತ್ತರವಲ್ಲ, ನದಿಯ ಅಳತೆ ಕಂಬದ ಮೇಲಿನ ಮಟ್ಟ. ಆ ಕಂಬದಲ್ಲಿ 40 ಅಡಿ ದಾಟಿದರೆ ಪ್ರವಾಹ ಅಂತ ಲೆಕ್ಕ.

ಉತ್ತರದಿಂದ ಹೆದ್ದಾರಿ 51 ಊರಿನೊಳಗೆ ಬರುವಲ್ಲಿ ರೈಲು ಏರಿಯ ಅಡಿಯಲ್ಲಿ ಒಂದು ಸುರಂಗದಂಥ ದಾರಿ. ಅದರ ಮೇಲೆ ಉಕ್ಕಿನ ಗೇಟೊಂದು ನೇತಾಡುತ್ತಿರುತ್ತದೆ. 60 ಅಡಿ ಅಗಲ, 24 ಅಡಿ ಎತ್ತರ, ಸುಮಾರು 80 ಟನ್ ತೂಕ. 1914ರಲ್ಲಿ ಕೂರಿಸಿದ್ದು. ಉತ್ತರದ ಹೊಲಗಳ ಕಡೆಯಿಂದ ನೀರು ಬಂದರೆ ಇದನ್ನು ಕೆಳಗಿಳಿಸುತ್ತಾರೆ. ಅಲ್ಲಿಗೆ ಊರಿನ ಆ ಬಾಗಿಲು ಮುಚ್ಚಿತು. ನೀರು ತುಂಬಿದ ಹಂಡೆಯೊಳಗೆ ಖಾಲಿ ಬಟ್ಟಲನ್ನು ಅಂಚು ಮುಳುಗದಂತೆ ಒತ್ತಿ ಹಿಡಿದರೆ ಹೇಗಿರುತ್ತದೋ, ಪ್ರವಾಹದ ದಿನಗಳಲ್ಲಿ ಕೇರೋ ಹಾಗಿರುತ್ತದೆ. ಸುತ್ತಲಿನ ನೀರು ಊರಿನ ರಸ್ತೆಗಿಂತ ಎಷ್ಟೋ ಅಡಿ ಮೇಲೆ.

ಏರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ನೀರು ಏರಿಯ ಮೇಲಿಂದಲೇ ಬರಬೇಕೆಂದಿಲ್ಲ, ಅಡಿಯಿಂದಲೂ ಬರುತ್ತದೆ. ಊರು ನಿಂತಿರುವುದು ನದಿ ತಂದು ಹಾಕಿದ ಮರಳಿನ ಮೇಲೆ. ಮೇಲೊಂದು ಜೇಡಿಮಣ್ಣಿನ ಪದರ, ಕೆಳಗೆಲ್ಲ ಮರಳು. ಹೊರಗೆ ನೀರು ಏರಿದಷ್ಟೂ ಅದರ ಒತ್ತಡ ಮರಳಿನೊಳಗಿಂದ ಏರಿಯನ್ನು ದಾಟಿ ಊರಿನ ಕಡೆಗೆ ಬರುತ್ತದೆ. ಮೇಲಿನ ಜೇಡಿ ಎಲ್ಲಿ ತೆಳ್ಳಗಿದೆಯೋ ಅಲ್ಲಿ ಒಡೆದು, ಯಾರದೋ ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಊಟೆ ಏಳುತ್ತದೆ. ಬರೀ ತಿಳಿನೀರು ಬಂದರೆ ಗಾಬರಿಯಿಲ್ಲ, ಪಂಪಿಟ್ಟು ಹೊರಹಾಕಬಹುದು. ನೀರಿನ ಜೊತೆ ಮರಳೂ ಕುದಿಯುತ್ತ ಮೇಲೆದ್ದು ಸುತ್ತ ಗುಡ್ಡೆಯಾಗತೊಡಗಿದರೆ ಅಪಾಯ. ಮರಳು ಮೇಲೆ ಬರುತ್ತಿದೆ ಎಂದರೆ ಏರಿಯ ಅಡಿಪಾಯವೇ ಒಳಗಿನಿಂದ ಖಾಲಿಯಾಗುತ್ತಿದೆ ಎಂದರ್ಥ.

ಆಗ ಏನು ಮಾಡುತ್ತಾರೆ? ಊಟೆಯನ್ನು ಮುಚ್ಚಲು ಹೋಗುವುದಿಲ್ಲ. ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಅದರ ಸುತ್ತ ಮರಳು ಚೀಲಗಳನ್ನು ಪೇರಿಸಿ ಬಾವಿಕಟ್ಟೆ ಥರ ಮಾಡುತ್ತಾರೆ. ಒಳಗೆ ನೀರು ನಿಲ್ಲುತ್ತದೆ, ಆ ನೀರಿನ ಭಾರವೇ ಕೆಳಗಿನ ಒತ್ತಡವನ್ನು ತಡೆಯುತ್ತದೆ. ಮರಳು ಬರುವುದು ನಿಂತು ತಿಳಿನೀರು ಬಂದರೆ ಗೆದ್ದಂತೆ. ನೀರಿನಿಂದಲೇ ನೀರನ್ನು ತಡೆಯುವ ಉಪಾಯ.

2011ರ ಮೇ 2

2011ರ ಏಪ್ರಿಲ್ ಕೊನೆಯಲ್ಲಿ ಕೇರೋದಲ್ಲಿ ಇಂಥ ಊಟೆಗಳು ಎದ್ದವು, ಒಂದಂತೂ ಭಾರೀ ದೊಡ್ಡದು. ಓಹಾಯೊ, ಮಿಸಿಸಿಪ್ಪಿ ಎರಡೂ ಒಟ್ಟಿಗೆ ತುಂಬಿದ್ದವು. ಊರು ಖಾಲಿ ಮಾಡಿ ಎಂದು ಆದೇಶವಾಯಿತು. ಮೇ 2ರಂದು ನದಿ 61.72 ಅಡಿ ಮುಟ್ಟಿತು. 1937ರ ದಾಖಲೆ 59.5 ಅಡಿ ಇತ್ತು.

ಈ ಹೊತ್ತಿಗೆ ಸೇನೆಯ ಎಂಜಿನಿಯರ್ ದಳದ ಕೈಯಲ್ಲಿ ಹಳೆಯದೊಂದು ಅಸ್ತ್ರವಿತ್ತು. 1927ರಲ್ಲಿ ಮಿಸಿಸಿಪ್ಪಿ ಕಣಿವೆಯನ್ನೇ ಮುಳುಗಿಸಿದ ಪ್ರವಾಹದ ನಂತರ, 1928ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಏರಿಯನ್ನು ಎತ್ತರಿಸುತ್ತ ಹೋದರೆ ಸಾಲದು, ನದಿಗೆ ಉಸಿರಾಡಲು ಪಕ್ಕದಲ್ಲಿ ಜಾಗ ಬಿಡಬೇಕು ಎನ್ನುವುದು ಅದರ ಒಂದು ತಿರುಳು. ಕೇರೋದ ಎದುರಿಗೆ, ಮಿಸೌರಿ ದಡದಲ್ಲಿ, ಬರ್ಡ್ಸ್ ಪಾಯಿಂಟ್‌ನಿಂದ ನ್ಯೂ ಮ್ಯಾಡ್ರಿಡ್ ತನಕ ಅಂಥ ಜಾಗ ಗುರುತಿಸಿದರು. ನದಿಗೆ ಒತ್ತಿ ಒಂದು ಏರಿ, ಕೆಲವು ಮೈಲಿ ಹಿಂದಕ್ಕೆ ಇನ್ನೊಂದು ಏರಿ. ನಡುವೆ ಸುಮಾರು 1.3 ಲಕ್ಷ ಎಕರೆ ಬಂಗಾರದಂಥ ಹೊಲ. ಬೇಕಾದಾಗ ಇಲ್ಲಿ ನೀರು ಬಿಡುತ್ತೇವೆ ಎಂಬ ಹಕ್ಕನ್ನು ಸರ್ಕಾರ ರೈತರಿಂದ ಹಣ ಕೊಟ್ಟು ಬರೆಸಿಕೊಂಡಿತ್ತು. 1937ರಲ್ಲಿ ಒಮ್ಮೆ ಡೈನಮೈಟ್ ಇಟ್ಟು ಏರಿ ಒಡೆದದ್ದೂ ಆಗಿತ್ತು. ಆಮೇಲೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಅಗತ್ಯ ಬರಲಿಲ್ಲ. ಅಷ್ಟರಲ್ಲಿ ಎರಡು ಮೂರು ತಲೆಮಾರು ಅಲ್ಲೇ ಮನೆ ಕಟ್ಟಿ, ಬೆಳೆ ತೆಗೆದು ಬದುಕಿತ್ತು. ಕಾಗದದ ಮೇಲಿನ ಹಕ್ಕು ಯಾರಿಗೆ ನೆನಪಿರುತ್ತದೆ?

ಮಿಸೌರಿ ಸರ್ಕಾರ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟ್ ತನಕ ಹೋದರೂ ತಡೆ ಸಿಗಲಿಲ್ಲ. ಕೇರೋ ಮುಳುಗಬೇಕೋ, ಹೊಲ ಮುಳುಗಬೇಕೋ ಎಂದು ಪತ್ರಕರ್ತರು ಕೇಳಿದಾಗ ಮಿಸೌರಿ ವಿಧಾನಸಭೆಯ ಆಗಿನ ಸ್ಪೀಕರ್ ಕೇರೋ ಎಂದು ಹೇಳಿಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಎಂಜಿನಿಯರ್ ದಳದ ಮೇಜರ್ ಜನರಲ್ ಮೈಕೆಲ್ ವಾಲ್ಷ್ ಕೊನೆಯ ತೀರ್ಮಾನ ಕೊಟ್ಟರು. ಏರಿಯೊಳಗೆ ಮೊದಲೇ ಹುಗಿದಿಟ್ಟಿದ್ದ ಪೈಪುಗಳಿಗೆ ದ್ರವರೂಪದ ಸ್ಫೋಟಕವನ್ನು ಪಂಪ್ ಮಾಡಬೇಕಿತ್ತು. ಗುಡುಗು ಮಿಂಚಿನಿಂದ ಆ ಕೆಲಸ ನಡುವೆ ನಿಲ್ಲಿಸಬೇಕಾಯಿತು. ಸಿಡಿಮದ್ದಿನ ಪಕ್ಕದಲ್ಲಿ ಮಿಂಚು ಯಾರಿಗೆ ಬೇಕು! ಕೊನೆಗೆ ರಾತ್ರಿ ಹತ್ತರ ಸುಮಾರಿಗೆ ಏರಿ ಸಿಡಿಯಿತು. ನೀರು ಹೊಲಗಳಿಗೆ ನುಗ್ಗಿತು, ಕೇರೋದ ಕಂಬದಲ್ಲಿ ಮಟ್ಟ ಇಳಿಯತೊಡಗಿತು.

ಇದನ್ನು ಬಿಳಿ ರೈತರ ಹೊಲ ಮತ್ತು ಬಡ ಕಪ್ಪು ಜನರ ಊರಿನ ನಡುವಿನ ಜಗಳ ಎಂದು ಹೇಳಿದವರು ಬಹಳ. ಆದರೆ ಆ ಹೊಲಗಳ ನಡುವೆ ಪಿನ್‌ಹುಕ್ ಎಂಬ ಪುಟ್ಟ ಹಳ್ಳಿಯಿತ್ತು. ಅದು ಕಪ್ಪು ರೈತರ ಹಳ್ಳಿ. 1940ರ ದಶಕದಲ್ಲಿ ಬೇರೆ ಕಡೆ ಅವರಿಗೆ ಜಮೀನು ಮಾರುವವರಿರಲಿಲ್ಲ. ಮುಳುಗಡೆ ಜಾಗದಲ್ಲಿ ಮಾತ್ರ ಸಿಕ್ಕಿತು, ಕಾಡು ಕಡಿದು ಅಲ್ಲೇ ನೆಲೆನಿಂತರು. ಆ ರಾತ್ರಿ ಪಿನ್‌ಹುಕ್ ಪೂರ್ತಿ ಹೋಯಿತು. ಕೇರೋ ಉಳಿದದ್ದಕ್ಕೆ ಬೆಲೆ ತೆತ್ತವರಲ್ಲಿ ಇವರೂ ಇದ್ದರು ಎನ್ನುವುದು ಸುದ್ದಿಯಲ್ಲಿ ಅಷ್ಟಾಗಿ ಬರಲೇ ಇಲ್ಲ.

ಊರಿನವರು ವಾಪಸ್ ಬಂದರು. ಮನೆಗಳು ಇದ್ದಲ್ಲೇ ಇದ್ದವು. ನೀರಿನ ಕಥೆ ಇಷ್ಟು.

ಸರಕು ನಿಂತರೆ ಮಾತ್ರ ದುಡ್ಡು

ನದಿ ಊರುಗಳ ಆರ್ಥಿಕತೆಯಲ್ಲಿ ಒಂದು ಸರಳ ಸೂತ್ರವಿದೆ. ಊರಿನ ಮುಂದೆ ಎಷ್ಟು ಸರಕು ಹಾದುಹೋಗುತ್ತದೆ ಎನ್ನುವುದರಿಂದ ಊರಿಗೆ ದುಡ್ಡು ಬರುವುದಿಲ್ಲ. ಎಷ್ಟು ಸರಕು ಅಲ್ಲಿ ನಿಲ್ಲುತ್ತದೆ ಎನ್ನುವುದರಿಂದ ಬರುತ್ತದೆ. ನಿಂತರೆ ಇಳಿಸಬೇಕು, ಗೋದಾಮಿನಲ್ಲಿಡಬೇಕು, ಮತ್ತೆ ಏರಿಸಬೇಕು. ಹಮಾಲಿ ಬೇಕು, ಗುಮಾಸ್ತ ಬೇಕು, ಹೋಟೆಲ್ ಬೇಕು, ಬ್ಯಾಂಕ್ ಬೇಕು. ಕೇರೋ ಬೆಳೆದದ್ದು ಹಾಗೆ, ಸೊರಗಿದ್ದೂ ಹಾಗೆಯೇ.

ಶುರುವಿನಲ್ಲಿ ಬರೀ ಕನಸು ಮಾರುವವರದೇ ಕಾರುಬಾರು. 1818ರಲ್ಲಿ ಒಂದು ಕಂಪನಿ ಊರು ಕಟ್ಟಲು ಹೊರಟು ಕೈಸುಟ್ಟುಕೊಂಡಿತು. 1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಎಂಬಾತ ಇನ್ನೊಂದು ಕಂಪನಿ ಮಾಡಿ ಲಂಡನ್‌ನಲ್ಲಿ ಬಾಂಡ್ ಮಾರಿದ. ಅದೂ ಕೆಲವೇ ವರ್ಷದಲ್ಲಿ ಮುಳುಗಿತು. 1842ರಲ್ಲಿ ಹಡಗಿನಲ್ಲಿ ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಈ ಜಾಗವನ್ನು ಕಂಡು, ಜ್ವರ ಹಿಡಿಸುವ ಜೌಗು ನೆಲ ಎಂದು ಸರಿಯಾಗಿಯೇ ಬೈದು ಬರೆದ.

ಬದುಕು ತಿರುಗಿದ್ದು ರೈಲಿನಿಂದ. 1856ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಮಾರ್ಗ ಪೂರ್ಣಗೊಂಡಿತು. 705 ಮೈಲಿ ಉದ್ದ, ಆಗ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗ. ಅದರ ದಕ್ಷಿಣದ ಕೊನೆ ನಿಲ್ದಾಣ ಕೇರೋ. ಕೊನೆ ನಿಲ್ದಾಣ ಎನ್ನುವುದನ್ನು ಗಮನಿಸಿ. ರೈಲು ಮುಂದೆ ಹೋಗಲಾರದು, ಎದುರಿಗೆ ನದಿ. ಸರಕೆಲ್ಲ ಇಲ್ಲೇ ಇಳಿದು ಹಡಗು ಹತ್ತಬೇಕು. ಐದು ವರ್ಷದಲ್ಲಿ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. 1861ರಲ್ಲಿ ಉತ್ತರದ ಸೇನಾನಿ ಯುಲಿಸಿಸ್ ಗ್ರಾಂಟ್ ಇಲ್ಲಿ ಠಾಣೆ ಹೂಡಿದ. ಎರಡು ನದಿಗಳ ಬಾಯಿ ಹಿಡಿದರೆ ದಕ್ಷಿಣದ ಒಳಗೆ ಹೋಗುವ ದಾರಿಯೇ ಕೈಗೆ ಸಿಕ್ಕಂತೆ ಅಲ್ವಾ? ಮರುವರ್ಷದ ಫೆಬ್ರವರಿಯಲ್ಲಿ ಆತ ಇಲ್ಲಿಂದಲೇ ಹೊರಟು ಫೋರ್ಟ್ ಹೆನ್ರಿ, ಫೋರ್ಟ್ ಡೊನೆಲ್ಸನ್ ಕೋಟೆಗಳನ್ನು ಹಿಡಿದ.

ಯುದ್ಧದ ನಂತರದ ಸಿರಿಯ ಗುರುತು ಇಂದಿಗೂ ಊರಿನಲ್ಲಿದೆ. ಹಿಟ್ಟಿನ ವ್ಯಾಪಾರಿಯೊಬ್ಬ 1872ರಲ್ಲಿ ಕಟ್ಟಿ ಮುಗಿಸಿದ ಮ್ಯಾಗ್ನೋಲಿಯಾ ಮೇನರ್ ಎಂಬ ಬಂಗಲೆ ಇದೆ. 1884ರ ಗ್ರಂಥಾಲಯ ಇದೆ. ಎಲ್ಲಕ್ಕಿಂತ ಮಜವಾದದ್ದು ಕಸ್ಟಮ್ಸ್ ಕಚೇರಿ. ಸಮುದ್ರದಿಂದ ಸುಮಾರು 1,500 ಕಿಲೋಮೀಟರ್ ನದಿ ದಾರಿ ಮೇಲಿರುವ ಊರಿಗೆ ಸುಂಕದ ಕಟ್ಟೆ ಯಾಕೆ? ಪರದೇಶದ ಸರಕು ನ್ಯೂ ಆರ್ಲಿಯನ್ಸ್‌ನಿಂದ ನದಿ ಏರಿ ಇಲ್ಲಿ ತನಕ ಬರುತ್ತಿತ್ತು. ವಾಷಿಂಗ್ಟನ್‌ನಲ್ಲಿ ಕೂತವರು ಕೇರೋಗೆ ಮೂರಂತಸ್ತಿನ ಕಲ್ಲಿನ ಕಟ್ಟಡ ಕಟ್ಟಿಸಿಕೊಡುವಷ್ಟು ವಹಿವಾಟು. ಅದೂ 1872ರಲ್ಲೇ ಮುಗಿದದ್ದು. ಈಗ ಅದು ಮ್ಯೂಸಿಯಂ.

ಆ ಕಾಲದಲ್ಲಿ ರೈಲು ಬೋಗಿಗಳನ್ನೇ ದೋಣಿಗೆ ಹತ್ತಿಸಿ ಓಹಾಯೊ ದಾಟಿಸುತ್ತಿದ್ದರು. ನಿಧಾನದ ಕೆಲಸ, ರೈಲು ಕಂಪನಿಗೆ ತಲೆನೋವು. ಊರಿಗೆ ಮಾತ್ರ ಆ ನಿಧಾನವೇ ಅನ್ನ. 1889ರಲ್ಲಿ ಓಹಾಯೊ ಮೇಲೆ ರೈಲು ಸೇತುವೆ ಬಂತು. ಊರು ಸಂಭ್ರಮಪಟ್ಟಿತು. ರೈಲು ನಿಲ್ಲದೆ ಕೆಂಟಕಿಗೆ ಹೋಗತೊಡಗಿತು. 1905ರಲ್ಲಿ ಮೇಲ್ಗಡೆ ಥೀಬ್ಸ್‌ನಲ್ಲಿ ಮಿಸಿಸಿಪ್ಪಿಗೆ ಇನ್ನೊಂದು ರೈಲು ಸೇತುವೆ ಬಂತು, ಒಂದಷ್ಟು ಸರಕು ಆ ಕಡೆ ತಿರುಗಿತು. ಕಾರುಗಳ ಕಾಲದಲ್ಲಿ ಎರಡೂ ನದಿಗಳಿಗೆ ರಸ್ತೆ ಸೇತುವೆಗಳಾದವು. ಆಗಲೂ ಪ್ರಯಾಣಿಕರು ಊರಿನ ಪಕ್ಕದಲ್ಲೇ ಹಾಯಬೇಕಿತ್ತು, ಊಟಕ್ಕೋ ಪೆಟ್ರೋಲಿಗೋ ನಿಲ್ಲುತ್ತಿದ್ದರು. 1978ರಲ್ಲಿ ಅಂತರರಾಜ್ಯ ಹೆದ್ದಾರಿ 57 ಊರನ್ನು ಬದಿಗಿಟ್ಟು ಮಿಸಿಸಿಪ್ಪಿ ದಾಟಿತು. ಅಲ್ಲಿಗೆ ಅದೂ ಹೋಯಿತು.

ಆದರೂ ಸೇತುವೆಗಳಷ್ಟೇ ಊರನ್ನು ಖಾಲಿ ಮಾಡಲಿಲ್ಲ ಎಂದು ನನಗನಿಸುತ್ತದೆ. ಮೊದಲ ಸೇತುವೆ ಬಂದು ಐವತ್ತು ವರ್ಷವಾದರೂ, 1940ರಲ್ಲಿ, ಊರಿನಲ್ಲಿ 14,407 ಜನರಿದ್ದರು. ಹೊರಗಿನ ದುಡ್ಡು ಕಡಿಮೆಯಾದರೂ ಸುತ್ತಲಿನ ಹಳ್ಳಿಗಳಿಗೆ ಕೇರೋವೇ ಪೇಟೆ. ಬಟ್ಟೆ, ಬೂಟು, ಔಷಧಿ, ಸಿನಿಮಾ, ಎಲ್ಲಕ್ಕೂ ಜನ ಕೇರೋದ ಪೇಟೆ ಬೀದಿ ಕಮರ್ಷಿಯಲ್ ಅವೆನ್ಯೂಗೇ ಬರುತ್ತಿದ್ದರು. ಹೀಗೆ ಪೇಟೆಯಾಗಿ ಚಿಕ್ಕದಾಗಿಯಾದರೂ ಬದುಕಿದ ಊರುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಕೇರೋ ಆ ಪೇಟೆಯನ್ನೂ ಕಳೆದುಕೊಂಡಿತು. ಅದನ್ನು ನದಿಯೂ ಕಿತ್ತುಕೊಳ್ಳಲಿಲ್ಲ, ಸೇತುವೆಯೂ ಕಿತ್ತುಕೊಳ್ಳಲಿಲ್ಲ.

ಹಂಚಿಕೊಳ್ಳುವುದಕ್ಕಿಂತ ಮುಚ್ಚುವುದೇ ವಾಸಿ

ಇಲಿನಾಯ್ ಗುಲಾಮಗಿರಿ ಇಲ್ಲದ ರಾಜ್ಯ. ಎದುರಿನ ಮಿಸೌರಿ, ಕೆಂಟಕಿ ಎರಡರಲ್ಲೂ ಅದಿತ್ತು. ಯುದ್ಧದ ಹೊತ್ತಿಗೆ ದಕ್ಷಿಣದಿಂದ ಬಿಡುಗಡೆಯಾದ ಸಾವಿರಾರು ಕಪ್ಪು ಜನರನ್ನು ಸೇನೆ ಕೇರೋಗೆ ತಂದು ಶಿಬಿರದಲ್ಲಿಟ್ಟಿತು. ಹಲವರು ಅಲ್ಲೇ ಉಳಿದರು. 1900ರ ಹೊತ್ತಿಗೆ ಊರಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಕಪ್ಪು ವರ್ಣದವರು. ಇದು ಷಿಕಾಗೋ ಇರುವ ರಾಜ್ಯವೇ ಹೌದು, ಆದರೆ ಷಿಕಾಗೋ ಇಲ್ಲಿಂದ ಸುಮಾರು 600 ಕಿಲೋಮೀಟರ್. ದಕ್ಷಿಣದ ಬಂಡಾಯ ಸರ್ಕಾರಕ್ಕೆ ರಾಜಧಾನಿಯಾಗಿದ್ದ ವರ್ಜೀನಿಯಾದ ರಿಚ್ಮಂಡ್‌ಗಿಂತಲೂ ಕೇರೋ ದಕ್ಷಿಣಕ್ಕಿದೆ. ರೀತಿ ರಿವಾಜೆಲ್ಲ ದಕ್ಷಿಣದ್ದೇ.

1909ರ ನವೆಂಬರ್ 11ರಂದು ವಿಲ್ ಜೇಮ್ಸ್ ಎಂಬ ಕಪ್ಪು ಕೂಲಿಗಾರನನ್ನು, ಬಿಳಿ ಯುವತಿಯೊಬ್ಬಳ ಕೊಲೆಯ ಆರೋಪದ ಮೇಲೆ, ವಿಚಾರಣೆಯಿಲ್ಲದೆ, ಸಾವಿರಾರು ಜನ ಸೇರಿ ಪೇಟೆಯ ನಡುವಿನ ವಿದ್ಯುದ್ದೀಪದ ಕಮಾನಿಗೆ ನೇತುಹಾಕಿದರು. ಹಗ್ಗ ಹರಿಯಿತು. ಗುಂಡು ಹಾರಿಸಿ ಕೊಂದರು. ಅದರ ಚಿತ್ರವಿರುವ ಪೋಸ್ಟ್‌ಕಾರ್ಡುಗಳು ಮಾರಾಟವಾದವು. ಇಲಿನಾಯ್‌ನಲ್ಲಿ 1905ರ ಒಂದು ಕಾನೂನಿತ್ತು: ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಶೆರಿಫ್, ಅಂದರೆ ಸ್ಥಳೀಯ ಪೊಲೀಸ್ ಮುಖ್ಯಸ್ಥ, ಕೆಲಸ ಕಳೆದುಕೊಳ್ಳಬೇಕು. ಆತ ಕಳೆದುಕೊಂಡ, ಮತ್ತೆ ಕೊಡಿ ಎಂದು ಅರ್ಜಿ ಹಾಕಿದ. ಪತ್ರಕರ್ತೆ ಐಡಾ ಬಿ. ವೆಲ್ಸ್ ಕೇರೋಗೆ ಬಂದು ಸಾಕ್ಷ್ಯ ಕಲೆಹಾಕಿ, ರಾಜ್ಯಪಾಲರ ಮುಂದೆ ವಾದಿಸಿದರು. ಶೆರಿಫ್‌ಗೆ ಕೆಲಸ ವಾಪಸ್ ಸಿಗಲಿಲ್ಲ. ಇಡೀ ಪ್ರಕರಣದಲ್ಲಿ ನ್ಯಾಯ ಅಂತ ಹೇಳಬಹುದಾದದ್ದು ಇಷ್ಟೇ.

ಐವತ್ತು ವರ್ಷ ಮುಂದೆ ಬನ್ನಿ. ಊರಿನಲ್ಲಿ ಒಂದು ಈಜುಕೊಳ. ಹೆಸರಿಗೆ ಖಾಸಗಿ ಕ್ಲಬ್. ಕ್ಲಬ್ ಅಂದರೆ ಸದಸ್ಯರಿಗೆ ಮಾತ್ರ, ಸದಸ್ಯರು ಅಂದರೆ ಬಿಳಿಯರು ಮಾತ್ರ. ಕಪ್ಪು ಮಕ್ಕಳಿಗೆ ಈಜಲು ಉಳಿದದ್ದು ನದಿ. 1962ರ ಬೇಸಿಗೆಯಲ್ಲಿ ಯುವಕರು ಈ ಕೊಳದ ಮುಂದೆ ಪ್ರತಿಭಟನೆಗೆ ನಿಂತರು. ಮುಂದೆ ಸಂಸತ್ತಿನ ಸದಸ್ಯರಾಗಿ ಹೆಸರಾದ ಜಾನ್ ಲೂಯಿಸ್ ಅವರಲ್ಲೊಬ್ಬರು. ಕೊಳದ ಹೊರಗೆ ಅವರೂ ಇಬ್ಬರು ಸಂಗಡಿಗರೂ ಮೊಣಕಾಲೂರಿ ಪ್ರಾರ್ಥಿಸುತ್ತಿರುವ ಫೋಟೋವನ್ನು ಡ್ಯಾನಿ ಲಯನ್ ತೆಗೆದರು. ಅದು ಪೋಸ್ಟರ್ ಆಗಿ ದೇಶವೆಲ್ಲ ಹರಡಿತು. ಕೊಳ ಏನಾಯಿತು? ಎಲ್ಲರಿಗೂ ತೆರೆಯಬೇಕಾದ ಹೊತ್ತು ಬಂದಾಗ ಮುಚ್ಚಿಬಿಟ್ಟರು. ಆಮೇಲೆ ಕಾಂಕ್ರೀಟ್ ತುಂಬಿದರು. ತಮ್ಮ ಮಕ್ಕಳೂ ಈಜುವುದು ಬೇಡ, ಅವರ ಮಕ್ಕಳೂ ಬೇಡ.

ಈ ಈಜುಕೊಳದ ಬುದ್ಧಿಯೇ ಮುಂದೆ ಇಡೀ ಪೇಟೆಗೆ ಬಂತು. 1967ರ ಜುಲೈಯಲ್ಲಿ ರಜೆಯ ಮೇಲೆ ಬಂದಿದ್ದ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಲಾಕಪ್ಪಿನಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸತ್ತು ಸಿಕ್ಕ. ಆತ್ಮಹತ್ಯೆ ಎಂದರು ಅಧಿಕಾರಿಗಳು. ಕಪ್ಪು ಜನ ನಂಬಲಿಲ್ಲ. ಬೆಂಕಿ ಬಿತ್ತು, ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಮೀಸಲು ಸೇನೆ ಬಂತು. ಬಿಳಿಯರು ಕಾವಲಿನ ಹೆಸರಲ್ಲಿ ಬಂದೂಕು ಹಿಡಿದ ಪಡೆ ಕಟ್ಟಿಕೊಂಡರು, ಬಿಳಿ ಟೋಪಿ ಪಡೆ ಅಂತಲೇ ಅದಕ್ಕೆ ಹೆಸರು. 1969ರಲ್ಲಿ ರಾಜ್ಯ ಸರ್ಕಾರವೇ ಅದನ್ನು ವಿಸರ್ಜಿಸಬೇಕಾಯಿತು.

ಅದೇ ವರ್ಷ ಪಾದ್ರಿ ಚಾರ್ಲ್ಸ್ ಕೋಯೆನ್ ಮುಂದಾಳತ್ವದಲ್ಲಿ ಯುನೈಟೆಡ್ ಫ್ರಂಟ್ ಎಂಬ ಸಂಘಟನೆ ಎದ್ದಿತು. ಅದರ ಬೇಡಿಕೆ ಸರಳ. ಪೇಟೆಯ ಅಂಗಡಿಗಳಲ್ಲಿ ನಾವು ಸಾಮಾನು ಕೊಳ್ಳುತ್ತೇವೆ, ಹಾಗಿದ್ದಮೇಲೆ ನಮಗೂ ಅಲ್ಲಿ ಕೆಲಸ ಕೊಡಿ. ಅಂಗಡಿಯವರು ಒಪ್ಪಲಿಲ್ಲ. ಬಹಿಷ್ಕಾರ ಶುರುವಾಯಿತು, ವರ್ಷಗಟ್ಟಲೆ ನಡೆಯಿತು. ರಾತ್ರಿ ಗುಂಡಿನ ಸದ್ದು ಮಾಮೂಲಾಯಿತು.

ಇಲ್ಲಿ ಗಿರಾಕಿಯ ಲೆಕ್ಕ ನೋಡಿ. ಹತ್ತರಲ್ಲಿ ನಾಲ್ಕು ಗಿರಾಕಿಗಳು ಬರುವುದು ನಿಂತರೆ ಸಣ್ಣ ಊರಿನ ಯಾವ ಬಟ್ಟೆ ಅಂಗಡಿ ಉಳಿದೀತು? ಗುಂಡಿನ ಸುದ್ದಿ ಕೇಳಿದ ಸುತ್ತಲ ಹಳ್ಳಿಯವರೂ ಬೇರೆ ಊರಿಗೆ ಹೋಗತೊಡಗಿದರು. ಒಬ್ಬ ಕಪ್ಪು ಗುಮಾಸ್ತನನ್ನು ಕೂರಿಸಿಕೊಂಡಿದ್ದರೆ ಅಂಗಡಿ ನಡೆಯುತ್ತಿತ್ತು. ಎಷ್ಟೋ ಮಾಲೀಕರು ಬಾಗಿಲು ಹಾಕಿಕೊಂಡು ಹೋದರು. 1960ರಲ್ಲಿ 9,348 ಇದ್ದ ಜನಸಂಖ್ಯೆ 1970ಕ್ಕೆ 6,277. ಹತ್ತೇ ವರ್ಷದಲ್ಲಿ ಮೂರನೇ ಒಂದು ಪಾಲು ಜನ ಕಡಿಮೆಯಾದರು. ಹೆದ್ದಾರಿ 57 ಆಗಿನ್ನೂ ನದಿ ದಾಟಿರಲಿಲ್ಲ ಎನ್ನುವುದು ನೆನಪಿರಲಿ.

ಉಳಿದವರ ಪಾಡು

ಊರು ಒಂದು ಮಟ್ಟಕ್ಕಿಂತ ಚಿಕ್ಕದಾದರೆ ಸೌಕರ್ಯಗಳು ಒಂದೊಂದಾಗಿ ಕಳಚುತ್ತವೆ. 1986ರಲ್ಲಿ ಆಸ್ಪತ್ರೆ ಮುಚ್ಚಿತು. 2015ರಲ್ಲಿ ಕೊನೆಯ ದಿನಸಿ ಅಂಗಡಿ ಮುಚ್ಚಿತು. ಕಾರಿಲ್ಲದವರು ತಾಜಾ ತರಕಾರಿಗೆ ಯಾರದಾದರೂ ಕಾರಿಗೆ ಕಾಯಬೇಕಾಯಿತು.

ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಎಲ್ಮ್‌ವುಡ್, ಮೆಕ್‌ಬ್ರೈಡ್ ಎಂಬ ಎರಡು ಸರ್ಕಾರಿ ವಸತಿ ಬಡಾವಣೆಗಳಿದ್ದವು, 1940ರ ದಶಕದವು. ಅವನ್ನು ನೋಡಿಕೊಳ್ಳಬೇಕಾದ ಕೌಂಟಿ (ಜಿಲ್ಲೆ) ವಸತಿ ಸಂಸ್ಥೆ ವರ್ಷಗಟ್ಟಲೆ ದುರಸ್ತಿ ಮಾಡಿಸಲಿಲ್ಲ. ಗೋಡೆಯಲ್ಲಿ ಬೂಸಲು, ಮನೆಯಲ್ಲಿ ಇಲಿ, ಚಳಿಗಾಲಕ್ಕೆ ಹೀಟರ್ ಇಲ್ಲ. ಅಡುಗೆ ಒಲೆ ಹಚ್ಚಿಟ್ಟು ಜನ ಮೈ ಕಾಯಿಸಿಕೊಳ್ಳುತ್ತಿದ್ದರು. 2016ರಲ್ಲಿ ಕೇಂದ್ರದ ವಸತಿ ಇಲಾಖೆ ಆ ಸಂಸ್ಥೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮರುವರ್ಷ ರಿಪೇರಿಗೆ ದುಡ್ಡಿಲ್ಲ, ಎರಡೂ ಬಡಾವಣೆ ಖಾಲಿ ಮಾಡಿ ಎಂದು ಹೇಳಿತು. ಸುಮಾರು 400 ಜನ ಅಲ್ಲಿದ್ದರು, ಅವರಲ್ಲಿ ಮಕ್ಕಳೇ ಬಹಳ. ಬಾಡಿಗೆಗೆ ನೆರವಾಗುವ ವೋಚರ್ ಕೊಟ್ಟರು, ದೇಶದಲ್ಲಿ ಎಲ್ಲಿ ಬೇಕಾದರೂ ಬಳಸಬಹುದು. ಒಂದೇ ಸಮಸ್ಯೆ. ಕೇರೋದಲ್ಲಿ ಬಾಡಿಗೆಗೆ ಯೋಗ್ಯವಾದ ಮನೆಗಳೇ ಇರಲಿಲ್ಲ. ಊರಲ್ಲೇ ಉಳಿಯಬೇಕೆಂದವರೂ ಗಂಟುಮೂಟೆ ಕಟ್ಟಬೇಕಾಯಿತು. ಅವರ ಜೊತೆ ಶಾಲೆಯ ಮಕ್ಕಳೂ ಹೋದರು. ಮಕ್ಕಳ ಲೆಕ್ಕದ ಮೇಲೆ ಬರುವ ಶಾಲೆಯ ಅನುದಾನವೂ ಇಳಿಯಿತು.

2023ರ ಜೂನ್‌ನಲ್ಲಿ ರಾಜ್ಯದ ನೆರವಿನಿಂದ ಒಂದು ಸಹಕಾರಿ ದಿನಸಿ ಅಂಗಡಿ ತೆರೆಯಿತು, ರೈಸ್ ಕಮ್ಯುನಿಟಿ ಮಾರ್ಕೆಟ್. ಊರಿಗೆ ಹಬ್ಬವೇ ಆಗಿತ್ತು. ಆದರೆ ಒಂಟಿ ಅಂಗಡಿಗೆ ಸಗಟು ವ್ಯಾಪಾರಿಗಳು ದೊಡ್ಡ ಮಳಿಗೆಗೆ ಕೊಡುವ ದರದಲ್ಲಿ ಸಾಮಾನು ಕೊಡುವುದಿಲ್ಲ. ದರ ಜಾಸ್ತಿ, ಗಿರಾಕಿ ಕಡಿಮೆ. ಶುರುವಾದ ಸ್ವಲ್ಪ ಕಾಲದಲ್ಲೇ ಅದು ಏದುಸಿರು ಬಿಡತೊಡಗಿತು.

ನದಿಯ ಮೇಲಿನ ವಹಿವಾಟು

ಇಷ್ಟೆಲ್ಲ ಆಗುವಾಗ ನದಿ ಮಾತ್ರ ಖಾಲಿಯಾಗಿಲ್ಲ. ಪಾರ್ಕಿನ ತುದಿಯಲ್ಲಿ ನಿಂತರೆ ಬಾರ್ಜುಗಳ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳ, ಸಾಲು ತಪ್ಪದೆ ಕಾಣುತ್ತದೆ. ಜೋಳ, ಸೋಯಾ, ಕಲ್ಲಿದ್ದಲು, ಜಲ್ಲಿ. ಒಂದೊಂದು ಬಾರ್ಜು 195 ಅಡಿ ಉದ್ದ, 35 ಅಡಿ ಅಗಲ, ಸುಮಾರು 1,500 ಟನ್ ಹೊರುತ್ತದೆ. ಮೇಲಿನ ನದಿಗಳಲ್ಲಿ ಒಂದು ದೋಣಿ ಸಾಮಾನ್ಯವಾಗಿ ಇಂಥ ಹದಿನೈದನ್ನು ತಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ, ಅಣೆಕಟ್ಟಿನ ಬಳಿ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್‌ನ ಕೊಠಡಿಯೊಳಗೆ ಹಿಡಿಸುವುದಿಲ್ಲ. ಕೇರೋದಿಂದ ಕೆಳಗೆ ಕಡಲಿನ ತನಕ ಮಿಸಿಸಿಪ್ಪಿಗೆ ಒಂದೂ ಲಾಕ್ ಇಲ್ಲ. ಹಾಗಾಗಿ ಇಲ್ಲಿ ಹದಿನೈದರ ಗುಂಪುಗಳನ್ನು ಬಿಚ್ಚಿ, ಉಕ್ಕಿನ ಹಗ್ಗ ಬಿಗಿದು, ಮೂವತ್ತು ನಲವತ್ತರ ಗುಂಪು ಕಟ್ಟುತ್ತಾರೆ.

ಅಂದರೆ ಸರಕು ಇಂದಿಗೂ ಇಲ್ಲಿ ನಿಲ್ಲುತ್ತದೆ! ಆದರೆ ನಿಲ್ಲುವುದು ನೀರಿನ ಮೇಲೆ. ಡೀಸೆಲ್, ಕುಡಿಯುವ ನೀರು, ದಿನಸಿ, ಎಲ್ಲವನ್ನೂ ಸಣ್ಣ ದೋಣಿಗಳು ನದಿಯ ನಡುವೆಯೇ ತಂದುಕೊಡುತ್ತವೆ. ಸಿಬ್ಬಂದಿ ಊರಿಗೆ ಕಾಲಿಡಬೇಕಾದ ಕೆಲಸವೇ ಇಲ್ಲ.

ನದಿಗೆ ದುಡ್ಡು ಹಾಕುವವರೂ ಇದ್ದಾರೆ. ಕೇರೋದಿಂದ ಓಹಾಯೊ ಗುಂಟ ಸುಮಾರು 27 ಕಿಲೋಮೀಟರ್ ಮೇಲೆ ಆಲ್ಮ್‌ಸ್ಟೆಡ್ ಲಾಕ್ ಮತ್ತು ಅಣೆಕಟ್ಟು 2018ರಲ್ಲಿ ಶುರುವಾಯಿತು. 1988ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 77.5 ಕೋಟಿ ಡಾಲರ್. ಮುಗಿಯುವ ಹೊತ್ತಿಗೆ ಸುಮಾರು 300 ಕೋಟಿ. ಬಾರ್ಜುಗಳು ಕಾಯುವುದು ತಪ್ಪಬೇಕು ಎನ್ನುವುದೇ ಅದರ ಉದ್ದೇಶ. ದೇಶಕ್ಕೆ ಲಾಭವೇ, ಅನುಮಾನವಿಲ್ಲ.

ಕೇರೋ ಈಗ ನೆಚ್ಚಿಕೊಂಡಿರುವುದು ಒಂದು ಬಂದರನ್ನು. 2010ರಲ್ಲಿ ಬಂದರು ಮಂಡಳಿ ಆಯಿತು, 2020ರಲ್ಲಿ ರಾಜ್ಯ ಸರ್ಕಾರ 4 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ಯೋಜನೆ ಹೀಗಿದೆ. ಲೂಸಿಯಾನದ ಕಡಲಂಚಿನಿಂದ ಕಂಟೈನರ್‌ಗಳನ್ನು ವಿಶೇಷ ಹಡಗುಗಳಲ್ಲಿ ನದಿ ಏರಿಸಿ ಕೇರೋಗೆ ತರುವುದು, ಅಲ್ಲಿಂದ ರೈಲು, ಲಾರಿಗೆ ಹಾಕುವುದು. ಕೇರೋದಿಂದ ಕೆಳಗೆ ಲಾಕ್ ಇಲ್ಲದಿರುವುದರಿಂದ ದೊಡ್ಡ ಹಡಗೂ ಬರಬಹುದು, ಹಳೇ ಇಲಿನಾಯ್ ಸೆಂಟ್ರಲ್ ಹಳಿಯೂ ಇದೆ. 1856ರ ಲೆಕ್ಕವೇ ಇದು, ಹಡಗಿನಿಂದ ಇಳಿಸು, ರೈಲಿಗೆ ಏರಿಸು. ಜಾಗದ ಮಟ್ಟಿಗೆ ಲೆಕ್ಕ ತಪ್ಪೇನಲ್ಲ. ಆದರೆ ಕೆಳಗಿನ ಕಡಲ ಬಂದರೂ ಆಗಬೇಕು, ಹಡಗು ಕಂಪನಿಗಳೂ ಒಪ್ಪಬೇಕು, ಆಮೇಲೆ ಇದು.

ಹಾಗೊಂದು ವೇಳೆ ಆದರೂ ಕ್ರೇನ್ ನಡೆಸುವವರು, ಲಾರಿ ಓಡಿಸುವವರು ಎಲ್ಲಿ ಉಳಿಯಬೇಕು? 2017ರಲ್ಲಿ ಖಾಲಿ ಮಾಡಿಸಿದ ಮನೆಗಳ ಬದಲಿಗೆ ಅಷ್ಟೇ ಮನೆಗಳು ಎದ್ದಿಲ್ಲ. ಮಿಸೌರಿಯ ಕೇಪ್ ಜಿರಾರ್ಡೋ, ಕೆಂಟಕಿಯ ಪಡೂಕ ಎರಡೂ ಅರ್ಧ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ಆಸ್ಪತ್ರೆ, ಅಂಗಡಿ, ಶಾಲೆ ಎಲ್ಲ ಇದೆ. ಕೇರೋದಲ್ಲಿ ಮನೆ ಕಟ್ಟದೆ ಬಂದರಷ್ಟೇ ಕಟ್ಟಿದರೆ ಕೆಲಸದವರು ಬೆಳಿಗ್ಗೆ ಆ ಊರುಗಳಿಂದ ಬಂದು ಸಂಜೆ ಸೇತುವೆ ದಾಟಿ ವಾಪಸ್ ಹೋಗುತ್ತಾರೆ, ಸಂಬಳವೂ ಅವರ ಜೊತೆಗೇ.